ಬೋರ್ಡಿಲ್ಲದ ಮೋಟಾರು

ನಾನು ಫ್ರಿಜ್ ರಿಪೇರಿಯವನು; ದೆವ್ವಗಿವ್ವ ನಂಬೋ ಆಸಾಮಿಯಲ್ಲ. ಇನ್ವರ್ಟರ್ ಫ್ರಿಜ್ಜಿನ ಮೋಟಾರು ಸಾಮಾನ್ಯವಾಗಿ ನಿಧಾನಕ್ಕೆ ಗುಂಯ್‌ಗುಡುತ್ತಿರುತ್ತದೆ. ಬಾಗಿಲು ತೆರೆದಿಟ್ಟು ಒಳಗೆ ಬಿಸಿಗಾಳಿ ನುಗ್ಗಿದರೆ, ಹಿಂದಿರುವ ಸರ್ಕ್ಯೂಟ್ ಬೋರ್ಡು ಅದರ ವೇಗ ಹೆಚ್ಚಿಸುತ್ತದೆ. ಆ ಬೋರ್ಡಿಲ್ಲದೆ ಮೋಟಾರು ತಿರುಗುವುದೇ ಇಲ್ಲ.

ಗಂಡ ತೀರಿಕೊಂಡು ಒಂಟಿಯಾಗಿದ್ದ ಟೀಚರಮ್ಮ ಕರೆಸಿದ್ದರು. "ದಿನಾ ಸಂಜೆ, ಬಾಗಿಲು ಮುಚ್ಚಿದ್ರೂ ಜೋರಾಗಿ ಓಡುತ್ತಪ್ಪಾ. ನಮ್ಮನೆಯವರು ಇದ್ದಾಗ ಹೀಗೇ ಆಗ್ತಿತ್ತು. ಡ್ಯೂಟಿಯಿಂದ ಬಂದವರೇ ಬಾಗಿಲು ತೆಗೆದು, ಏನೂ ತಗೊಳ್ಳದೆ ಸುಮ್ನೆ ನಿಂತ್ಕೊಳ್ಳೋರು. ಎಷ್ಟು ಬೈದ್ರೂ ಕೇಳ್ತಿರಲಿಲ್ಲ."

"ಬೋರ್ಡು ಕೆಟ್ಟಿರಬೇಕಮ್ಮಾ" ಎಂದು ಪ್ಲಗ್ ಕಿತ್ತೆ. ಬೋರ್ಡು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಕೈ ತೊಳೆಯುತ್ತಿದ್ದೆ. ಬೆನ್ನ ಹಿಂದೆ ಮೋಟಾರು ಗುಂಯ್ ಎಂದಿತು. ಮೆಲ್ಲಗೆ ವೇಗ ಏರಿತು. ಬಾಗಿಲು ಮುಚ್ಚೇ ಇತ್ತು. ಆದರೂ ನನ್ನ ಕಾಲಿಗೆ ತಣ್ಣನೆ ಗಾಳಿ ಸೋಕಿತು, ಫ್ರಿಜ್ ತೆರೆದಾಗ ಕೆಳಗಿಳಿಯುತ್ತದಲ್ಲ, ಅಂಥದ್ದೇ.

ಟೀಚರಮ್ಮ ಕುರ್ಚಿ ಎಳೆದುಕೊಂಡು ಅದರೆದುರು ಕೂತರು. "ಬಾಗಿಲು ಹಾಕ್ರೀ, ಕರೆಂಟ್ ದಂಡ" ಎಂದರು. ನನಗೆ ಹೇಳಿದ್ದಲ್ಲ. ಮೋಟಾರು ನಿಧಾನವಾಯಿತು.

"ಬೋರ್ಡು ವಾಪಸ್ ತರಬೇಡಪ್ಪಾ" ಎಂದರು ಆಮೇಲೆ.

ಅದಿನ್ನೂ ನನ್ನ ಅಂಗಡಿಯ ಮೇಜಿನ ಮೇಲಿದೆ. ಯಾವ ತಂತಿಗೂ ಸೇರಿಸಿಲ್ಲ. ಸಂಜೆ ಮುಟ್ಟಿದರೆ ಬೆಚ್ಚಗಿರುತ್ತದೆ.