ಸಾಲಿನ ಮುಂದಿನ ಲಾರಿ

"ನಿಲ್ಸ್ರೀ... ಗಾಡಿ ನಿಲ್ಸ್ರೀ!"

ಬಂಡ್ರಿಯ ತಿರುವಿನಲ್ಲಿ ಕೆಂಪು ವೇಲ್ ಬೀಸುತ್ತ ನಡುರಸ್ತೆಯಲ್ಲೇ ನಿಂತುಬಿಟ್ಟಳು ಅನ್ನಪೂರ್ಣ. ಅದಿರಿನ ಲಾರಿ ಅವಳಿಂದ ಒಂದೇ ಮಾರು ದೂರದಲ್ಲಿ ನಿಂತಿತು.

ಡ್ರೈವರ್ ಪಂಪೇಶ್ ಬಾಗಿಲು ತಳ್ಳಿ ಇಳಿದ.

"ಸಾಯಾಕ ನನ್ನ ಗಾಡೀನ ಬೇಕಿತ್ತೇನ್ರಿ?"

"ನನ್ನ ಹುಡುಗ್ರು ಸಾಯಬಾರ್ದಂತ ನಿಂತೀನ್ರಿ!"

ಅವಳು ಹೈಸ್ಕೂಲಿನ ಅತಿಥಿ ಶಿಕ್ಷಕಿ. ಹಿಂದೆ ಸೈಕಲ್ ಹಿಡಿದ ಹುಡುಗಿಯರು, ನಡೆದು ಬಂದ ಚಿಕ್ಕವರು, ಕೊನೆಯಲ್ಲಿ ಅವಳ ತಂಗಿ ಚಂದ್ರಕಲಾ. ಪಂಪೇಶ್ ಒಬ್ಬೊಬ್ಬರ ಮುಖವನ್ನೂ ನೋಡಿದ.

"ಶಾಲಿ ಟೈಮಿನ್ಯಾಗ ನನ್ನ ಗಾಡಿ ಈ ಕಡೆ ಬರಂಗಿಲ್ರಿ ಟೀಚರ್. ಮಾತು."

ಒಂದು ವಾರ ನಿಜಕ್ಕೂ ಬರಲಿಲ್ಲ. ಉಳಿದ ಲಾರಿಗಳು ಮಾತ್ರ ಧೂಳೆಬ್ಬಿಸಿಕೊಂಡು ನುಗ್ಗುತ್ತಲೇ ಇದ್ದವು. ಮಕ್ಕಳನ್ನು ದಾಟಿಸುವಾಗ ಅವಳ ಕಣ್ಣು ಅವನನ್ನೇ ಹುಡುಕುತ್ತಿತ್ತು. 'ಬರಬ್ಯಾಡ ಅಂದಾಕಿ ನಾನ, ಬರ್ಲಿಲ್ಲಂತ ಕೊರಗಾಕಿನೂ ನಾನ...!'

ಸೋಮವಾರ ಶಾಲೆಯ ಹೊತ್ತಿಗೇ ಎಂಟು ಲಾರಿ ಬಂದವು. ಎಲ್ಲಕ್ಕಿಂತ ಮುಂದೆ... ಅವನದೇ!

"ಇಷ್ಟೇ ಏನ್ರಿ ನಿಮ್ಮ ಮಾತು? ನಂಬಿದ್ದು ನನ್ನ ತಪ್ಪು!"

ಅವನು ಏನೋ ಹೇಳಿದ. ಹಿಂದಿನ ಹಾರ್ನುಗಳ ಗದ್ದಲದಲ್ಲಿ ಕೇಳಿಸಲಿಲ್ಲ. ಆಮೇಲೆ ದಿನವೂ ಹಾಗೇ ಬಂದ. ದಿನವೂ ಅವಳು ಮುಖ ತಿರುಗಿಸಿದಳು, ಮನೆಗೆ ಬಂದು ಅತ್ತಳು.

ಶುಕ್ರವಾರ ಅವನ ಲಾರಿ ಇರಲಿಲ್ಲ. ಉಳಿದವು ಒಂದನ್ನೊಂದು ಹಿಂದೆ ಹಾಕುತ್ತ ನುಗ್ಗಿದವು. ಧೂಳಿನಲ್ಲಿ ಏನೂ ಕಾಣದು. ಅವಳು ತಲೆ ಎಣಿಸಿದಳು. ಒಂದು ಕಡಿಮೆ!

"ಚಂದ್ರೀ...!"

ಚಂದ್ರಕಲಾ ಸೈಕಲ್ ಸಮೇತ ಚರಂಡಿಯಲ್ಲಿ ಬಿದ್ದಿದ್ದಳು. ಮೊಣಕಾಲು ತರಚಿ ರಕ್ತ. ಅನ್ನಪೂರ್ಣ ಓಡಿಹೋಗಿ ಅವಳನ್ನು ಮೇಲೆತ್ತಿದಳು.

"ಅಕ್ಕಾ, ಪಂಪೇಶಣ್ಣ ಬಂದಿಲ್ಲಲ್ಲ, ಅದಕ್ಕ ಹಿಂಗಾತು. ಆತ ನಡುರೋಡಿನ್ಯಾಗ ನಿಧಾನ ಹೋದ್ರ, ಹಿಂದಿನವ್ರಿಗೆ ಮುಂದ ಹೋಗಾಕ ಜಾಗಾನ ಇರಂಗಿಲ್ಲ."

ಅಯ್ಯೋ... ಇಷ್ಟು ದಿನ ತನ್ನ ಮಕ್ಕಳನ್ನು ಕಾಯ್ದವನನ್ನೇ ಬೈದಿದ್ದಳು! ರಾತ್ರಿಯಿಡೀ ಅವಳಿಗೆ ನಿದ್ದೆ ಹತ್ತಲಿಲ್ಲ.

ಮರುದಿನ ಬೆಳಗ್ಗೆ ತಿರುವಿನಲ್ಲಿ ಪಂಪೇಶ್ ನಿಂತಿದ್ದ. ಲಾರಿಯಿಲ್ಲ, ಹಳೆ ಸೈಕಲ್. ಅದರ ಹಿಂದೆ ಕೋಲಿಗೆ ಕಟ್ಟಿದ ಕೆಂಪು ಬಟ್ಟೆ.

"ಲಾರಿ...?"

"ಭಾಳ ನಿಧಾನ ಹೋಗ್ತೀ ಅಂತ ಮಾಲಕ ನನ್ನ ಕೆಲಸದಿಂದ ಇಳಿಸಿಬಿಟ್ಟಾನ್ರಿ."

ಅವಳ ಕಣ್ಣು ತುಂಬಿತು. "ಹುಡುಗ್ರನ್ನ ಕಾಯಾಕ ಬರ್ತೀನಂತ ಮೊದ್ಲ ಯಾಕ ಹೇಳ್ಲಿಲ್ರಿ?"

"ನಾ ಬರದಿದ್ರ ಉಳಿದವ್ರು ನಿಲ್ಲಂಗಿಲ್ಲಂತ ತಡವಾಗಿ ತಿಳೀತ್ರಿ. ಹೇಳಾಕ ಬಂದ್ರ ನೀವು ಮುಖಾನ ತಿರುಗಸ್ತಿದ್ರಿ." ಸಣ್ಣಗೆ ನಕ್ಕ. "ಮುಂದ ನೀವಿರ್ರಿ ಟೀಚರ್. ಹಿಂದ ನಾ ಕಾಯ್ತೀನಿ."

"ಎಷ್ಟು ದಿನ?"

"ನೀವು ಸಾಕಂದ ದಿನದ ತನಕ."

"ನಾ ಸಾಕನ್ನಂಗಿಲ್ಲ," ಅಂದವಳೇ ತಲೆ ತಗ್ಗಿಸಿದಳು.

ಅವನು ಸೈಕಲ್ಲನ್ನು ಅವಳ ಪಕ್ಕಕ್ಕೇ ತಂದ.

"ಏಯ್, ಒಬ್ಬರ ಹಿಂದೊಬ್ಬರು ಬರ್ಬೇಕ್ರಿ! ಶಾಲಿ ತನಕ ಸಾಲು ಕೆಡಸಬ್ಯಾಡ್ರಿ," ಅವಳು ಗದರಿದಳು.

"ಆಮ್ಯಾಲ?"

"ಸಂಜಿ ಮನಿಗೆ ಬರ್ರಿ... ಅವ್ವನ್ನ ಮಾತಾಡ್ಸಾಕ."