ಎರಡು ಡಿಸ್ಕು, ಒಂದು ಹಾಡು

ಬುಧವಾರ ಬೆಳಗ್ಗೆ ಹತ್ತು ಗಂಟೆಯ ಸುಮಾರಿಗೆ ಠಾಣೆಗೆ ಬಂದ ಹಿರಿಯರು, ಏನು ಕಳುವಾಗಿದೆ ಎಂದು ಕೇಳಿದ್ದಕ್ಕೆ "ಹಾಡು" ಎಂದರು. ದೂರು ಬರೆದುಕೊಳ್ಳಲು ಕೂತಿದ್ದ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟು ಅವರ ಮುಖ ನೋಡಿದ. ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಅವನನ್ನು ಠಾಣೆಯವರೆಲ್ಲ ಉದ್ದಣ್ಣ ಎನ್ನುತ್ತಿದ್ದರು. ಎಂಥೆಂಥ ದೂರುಗಳನ್ನೋ ಬರೆದ ಕೈ ಅವನದು, ಆದರೆ ಹಾಡಿಗೆ ಯಾವ ಕಲಂ ಹಾಕಬೇಕೆಂದು ಅವನಿಗೆ ಹೊಳೆಯಲಿಲ್ಲ.

ಇನ್ಸ್‌ಪೆಕ್ಟರ್ ಮೇಡಂ ಇದನ್ನು ಒಳಗಿನಿಂದಲೇ ಕೇಳಿಸಿಕೊಂಡು ಹಿರಿಯರನ್ನು ತಮ್ಮ ಕೋಣೆಗೆ ಕರೆಸಿದರು. ಆಕೆಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಪಕ್ಕದ ಮನೆಯವರು ರೇಡಿಯೋ ಜೋರಾಗಿ ಹಾಕಿದರೆ ಕಿಟಕಿ ಮುಚ್ಚುವವರ ಪೈಕಿ. ಆದರೂ ಹಿರಿಯರನ್ನು ಎದುರಿಗೆ ಕೂರಿಸಿದರು. ಮೊದಲು ನೀರು ಕೊಡಿಸಿ, ಆಮೇಲೆ ಪ್ರಶ್ನೆಗಿಳಿದರು.

ಫಿರ್ಯಾದಿ ಊರಿನ ಸಭಾಂಗಣದಲ್ಲಿ ಧ್ವನಿವರ್ಧಕ ನೋಡಿಕೊಳ್ಳುತ್ತಿದ್ದು ನಿವೃತ್ತರಾದವರು. ಚಿಕ್ಕವರು ದೊಡ್ಡವರು ಎಲ್ಲರ ಬಾಯಲ್ಲೂ ಅವರು ಮೈಕ್ ಮಾಮ. ಕೆಲಸಕ್ಕೆ ಸೇರಿದಂದಿನಿಂದ, ಅಲ್ಲಿ ನಡೆದ ಒಂದೊಂದು ಕಚೇರಿಯನ್ನೂ ತಮ್ಮ ಗೂಡಿನಲ್ಲಿ ಕೂತು ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದರು. ದೊಡ್ಡ ವಿದ್ವಾಂಸರಿಂದ ಹಿಡಿದು ಮೊದಲ ಸಲ ವೇದಿಕೆ ಹತ್ತಿ ಬೆವರುತ್ತಿದ್ದವರ ತನಕ ಎಲ್ಲರೂ ಆ ಡಬ್ಬಿಗಳಲ್ಲಿದ್ದರು. ನಿವೃತ್ತಿಯಾದ ಮೇಲೆ ನೋಡಿದರೆ ಟೇಪಿನ ಮೇಲೆ ಬೂಷ್ಟು, ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಂದಿನಿಂದ ಹಳೆಯ ಪ್ಲೇಯರಿನ ತಂತಿಯನ್ನು ಕಂಪ್ಯೂಟರಿಗೆ ಜೋಡಿಸಿ ಒಂದೊಂದನ್ನೇ ಡಿಜಿಟಲ್ ಮಾಡತೊಡಗಿದರು. ಅವಸರ ನಡೆಯದ ಕೆಲಸ ಅದು. ಗಂಟೆ ಉದ್ದದ ಕ್ಯಾಸೆಟ್ಟಿಗೆ ಗಂಟೆಯೇ ಬೇಕು. ನಾದದ ಒಂದು ಎಳೆಯೂ ಕಳೆಯದಂತೆ ದೊಡ್ಡ ಫೈಲು ಮಾಡಿ, ಹಾಡಿದವರ ಹೆಸರು, ರಾಗ, ದಿನ ಎಲ್ಲ ತುಂಬಿ ಡಿಸ್ಕಿಗೆ ಹಾಕುತ್ತಿದ್ದರು. ಕೆಲಸ ಮುಗಿದ ಕ್ಯಾಸೆಟ್ಟುಗಳನ್ನು ಹೆಂಡತಿ ಗುಜರಿಗೆ ಸಾಗಹಾಕಿದ್ದರು. ಅವು ಮತ್ತೊಮ್ಮೆ ಓಡುವ ಸ್ಥಿತಿಯಲ್ಲಿ ಇರಲೂ ಇಲ್ಲ.

ಹೀಗೆ ಆ ಸಂಗ್ರಹ ಉಳಿದಿದ್ದು ಎರಡೇ ಡಿಸ್ಕುಗಳಲ್ಲಿ. ಒಂದು ಅವರ ಮೇಜಿನ ಮೇಲೆ, ಇನ್ನೊಂದು ಊರಿನ ಆ ತುದಿಯಲ್ಲಿದ್ದ ಮಗಳ ಮನೆಯ ಬೀರುವಿನಲ್ಲಿ. ಒಂದು ಮನೆಗೆ ಬೆಂಕಿ ಬಿದ್ದರೆ ಇನ್ನೊಂದರಲ್ಲಾದರೂ ಉಳಿಯಲಿ ಎಂಬ ಮುಂಜಾಗ್ರತೆ. ಭಾನುವಾರ ಕಣ್ಣಾರೆ ಕಂಡಿದ್ದ ಮೇಜಿನ ಮೇಲಿನದು ಮಂಗಳವಾರ ಬೆಳಗ್ಗೆ ಕಾಣಲಿಲ್ಲ. ಹೋಗಲಿ, ಇನ್ನೊಂದಿದೆಯಲ್ಲ ಎಂದು ಮಗಳ ಮನೆಗೆ ಓಡಿದರೆ ಅಲ್ಲೂ ಇಲ್ಲ.

"ಒಂದು ಹೋಗಿದ್ರೆ ನಾನು ಇಲ್ಲಿಗೆ ಬರ್ತಿರಲಿಲ್ಲಮ್ಮ," ಎಂದರು ಮೈಕ್ ಮಾಮ. "ಎರಡೂ ಹೋಗಿದೆ."

ಇನ್ಸ್‌ಪೆಕ್ಟರಿಗೆ ತಟ್ಟಿದ್ದು ಆ ಕೊನೆಯ ಮಾತು. ಎಫ್‌ಐಆರ್ ದಾಖಲಿಸಲು ಹೇಳಿ, ಟೋಪಿ ತೆಗೆದುಕೊಂಡು ಎದ್ದರು.

ಮೈಕ್ ಮಾಮನ ಮನೆಯಲ್ಲಿ ಬೀಗ ಮುರಿದಿರಲಿಲ್ಲ, ಕಿಟಕಿಯ ಸರಳು ಬಾಗಿರಲಿಲ್ಲ. ಕಂಪ್ಯೂಟರು, ಪ್ಲೇಯರು, ಹೊಚ್ಚಹೊಸ ಹೆಡ್‌ಫೋನು ಎಲ್ಲ ಇದ್ದಲ್ಲೇ ಇದ್ದವು. ಮೇಜಿನ ಧೂಳಿನಲ್ಲಿ ಅಂಗೈಯಗಲದ ಚೌಕವೊಂದು ಮಾತ್ರ ಖಾಲಿ. ಪಕ್ಕದ ಮನೆಯ ಇಬ್ಬರನ್ನು ಪಂಚರನ್ನಾಗಿ ಕರೆದು ಉದ್ದಣ್ಣ ಪಂಚನಾಮೆ ಬರೆಯುತ್ತಿದ್ದಾಗ ಮನೆಯಾಕೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ಒಡವೆ ಮುಟ್ಟದೆ ಡಿಸ್ಕು ಒಯ್ದಿದ್ದಾನೆಂದರೆ ಕಳ್ಳನಿಗೂ ಇವರ ಹುಚ್ಚೇ ಹಿಡಿದಿರಬೇಕು ಎಂದು ಅವರ ಅಭಿಪ್ರಾಯ.

ಭಾನುವಾರದಿಂದ ಈಚೆಗೆ ಮನೆಗೆ ಯಾರ್ಯಾರು ಬಂದಿದ್ದರೆಂದು ಇನ್ಸ್‌ಪೆಕ್ಟರ್ ಕೇಳಿದರು.

"ಯಾರೂ ಬಂದಿಲ್ಲ. ಟೈಲರ್ ಬಂದಿದ್ದ. ಅವನು ಬಂದಿದ್ದನ್ನ ಬಂದಿದ್ದು ಅಂತ ಲೆಕ್ಕಕ್ಕೆ ಹಿಡಿಯೋಕಾಗಲ್ಲ," ಎಂದರು ಮನೆಯಾಕೆ.

ಟೈಲರ್ ಎಂದರೆ ಮೈಕ್ ಮಾಮನ ಗೆಳೆಯ. ಸಂಜೆ ಅಂಗಡಿ ಮುಚ್ಚಿದವನು ನೆಟ್ಟಗೆ ಇಲ್ಲಿಗೇ ಬರುತ್ತಿದ್ದ. ಅಂಟಿದ ಟೇಪನ್ನು ಹರಿಯದಂತೆ ಬಿಡಿಸುವುದರಲ್ಲಿ ಅವನ ಬೆರಳಿಗೆ ಸಮನಿಲ್ಲ ಎಂದು ಮೈಕ್ ಮಾಮ ಹೇಳಿದರು. ಅವನ ಮೇಲೆ ಅನುಮಾನಪಟ್ಟರೆ ತನಗೇ ಕಣ್ಣು ಕಾಣುವುದಿಲ್ಲ ಎಂದರ್ಥ ಎಂದೂ ಸೇರಿಸಿದರು.

ಉದ್ದಣ್ಣನ ಗುಮಾನಿ ಬೇರೆ ಕಡೆಗಿತ್ತು. ಹಳೆಯ ಧ್ವನಿಮುದ್ರಣ ಕೊಳ್ಳುವ ವ್ಯಾಪಾರಿಯೊಬ್ಬ ಹಿಂದೆ ಎರಡು ಸಲ ಈ ಸಂಗ್ರಹ ಕೇಳಿ ಬೈಸಿಕೊಂಡು ಹೋಗಿದ್ದ. ವಿಚಾರಿಸಿದರೆ ಆತ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿ ಹದಿನೈದು ದಿನವಾಗಿತ್ತು. ಅಲ್ಲದೆ ಮಗಳ ಮನೆಯ ಬೀರುವಿನ ವಿಷಯ ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಗುರುವಾರ ಬೆಳಗ್ಗೆ ಪೊಲೀಸರಿಬ್ಬರೂ ಮೈಕ್ ಮಾಮನ ಮಗಳ ಮನೆಗೆ ಹೋದರು. ಔಷಧಿ ಅಂಗಡಿ ನಡೆಸುವ ಆಕೆ ಅಂಗಡಿಯನ್ನು ಗಂಡನಿಗೆ ಒಪ್ಪಿಸಿ ಮನೆಯಲ್ಲೇ ಕಾಯುತ್ತಿದ್ದಳು. ಡಿಸ್ಕು ಇದ್ದಿದ್ದು ಮಲಗುವ ಕೋಣೆಯ ಬೀರುವಿನಲ್ಲಿ, ಸ್ವೆಟರುಗಳ ಅಡಿಯಲ್ಲಿ. ತಿಂಗಳಿಗೊಮ್ಮೆ ಅಪ್ಪ ಬಂದು ಒಯ್ದು, ಹೊಸ ಹಾಡು ತುಂಬಿ ತಂದಿಡುತ್ತಿದ್ದುದು ಬಿಟ್ಟರೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಹೋದದ್ದು ಯಾವಾಗ ಎಂದು ಅವಳಿಗೆ ಹೇಳಲಾಗಲಿಲ್ಲ. ಅಪ್ಪ ಬಂದು ನೋಡುವ ತನಕ ಆ ಸ್ವೆಟರುಗಳನ್ನು ಎತ್ತುವ ಪ್ರಸಂಗವೇ ಬಂದಿರಲಿಲ್ಲ.

ಉದ್ದಣ್ಣ ಬೀರುವಿನ ಚಿಲಕ ಪರೀಕ್ಷಿಸುತ್ತಿದ್ದ. ಇನ್ಸ್‌ಪೆಕ್ಟರ್ ಕಿಟಕಿಯ ಬಳಿ ನಿಂತು ಪರದೆ ನೋಡುತ್ತಿದ್ದರು. ಬಟ್ಟೆ ಹೊಸದು, ಹೊಲಿಗೆ ಮುತ್ತು ಪೋಣಿಸಿದ ಹಾಗಿತ್ತು. ಆದರೆ ಪರದೆ ಕಿಟಕಿಯ ಕೆಳಅಂಚಿಗಿಂತ ಒಂದು ಗೇಣು ಮೇಲೆಯೇ ನಿಂತಿತ್ತು.

"ಇದನ್ನ ಯಾರು ಹೊಲಿದಿದ್ದು?"

ಮಗಳು ಮುಜುಗರದಿಂದ ನಕ್ಕಳು. ಟೈಲರ್ ಮಾಮ ಹೊಲಿದದ್ದು. ಕಿಟಕಿಗೆ ಹೊಸ ಪರದೆ ಹಾಕಿಸೋಣ ಎಂದು ತಾವಾಗಿಯೇ ಹೇಳಿ, ಹಿಂದಿನ ವಾರ ಬಂದು ಅಳತೆ ತೆಗೆದುಕೊಂಡು ಹೋಗಿದ್ದರು. ಅವಳು ಆಗ ಹಾಲು ಒಲೆಯ ಮೇಲಿಟ್ಟು ಅಡುಗೆಮನೆಯಲ್ಲಿದ್ದಳು. ತನ್ನ ಮದುವೆಯ ರವಿಕೆಯಿಂದ ಹಿಡಿದು ಎಲ್ಲವನ್ನೂ ಹೊಲಿದವರು, ಒಂದು ನೂಲಿನಷ್ಟೂ ಹೆಚ್ಚುಕಡಿಮೆ ಮಾಡಿದವರಲ್ಲ. ವಯಸ್ಸಾಯಿತು, ಕೇಳಿದರೆ ನೊಂದುಕೊಳ್ಳುತ್ತಾರೆ ಎಂದು ಅವಳು ಸುಮ್ಮನಿದ್ದಳು.

ಇನ್ಸ್‌ಪೆಕ್ಟರ್ ಪರದೆಯ ಕೆಳಗಿನ ಸಂದನ್ನು ಗೇಣು ಹಾಕಿ ಅಳೆದು ಹೊರಟರು. ಜೀಪು ಹತ್ತಿದ ಮೇಲೆ ಉದ್ದಣ್ಣನಿಗೆ ವಿವರಿಸಿದರು. ಜೀವಮಾನವೆಲ್ಲ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡವನು ಅಳೆದು ತಪ್ಪುವುದಿಲ್ಲ. ಅಳೆಯದೆ ಅಂದಾಜಿನ ಮೇಲೆ ಹೊಲಿದರೆ ತಪ್ಪುತ್ತಾನೆ. ಆ ಕೋಣೆಯಲ್ಲಿ ಅವನು ಒಬ್ಬನೇ ಇದ್ದಷ್ಟು ಹೊತ್ತು ಅಳತೆಪಟ್ಟಿ ಬಿಚ್ಚಲೇ ಇಲ್ಲ ಎಂದರೆ ಮಾಡಿದ್ದೇನು?

ಟೈಲರ್ ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆ ಕಾದಿತ್ತು. ಪೊಲೀಸರನ್ನು ಕಂಡು ಆತ ಮೊದಲು ಅದರ ಸ್ವಿಚ್ ಆರಿಸಿದ. ಅರುವತ್ತರ ಹತ್ತಿರದ ಸಣಕಲು ಮನುಷ್ಯ, ತುಟಿಯ ಸಂದಿಯಲ್ಲಿ ಗುಂಡುಸೂಜಿ. ಇನ್ಸ್‌ಪೆಕ್ಟರ್ ಸ್ಟೂಲಿನ ಮೇಲೆ ಕೂತರು.

"ಮಗಳ ಮನೆ ಕಿಟಕಿ ಎಷ್ಟುದ್ದ ಇದೆ?"

ಆತ ಗುಂಡುಸೂಜಿ ತೆಗೆದು ಮೇಜಿನ ಮೇಲಿಟ್ಟ.

"ಅಳತೆ ತಗೊಂಡ್ರಾ?"

"ಇಲ್ಲ."

"ಡಿಸ್ಕು ತಗೊಂಡ್ರಾ?"

"ತಗೊಂಡೆ. ಮಾಮನ ಮನೆಯಿಂದಲೂ ತಗೊಂಡೆ. ವಾಪಸ್ ಇಡ್ತೀನಿ ಮೇಡಂ. ಅದರಲ್ಲಿ ಒಂದು ಹಾಡು ತೆಗೆಸ್ಬೇಕಿತ್ತು, ಅಷ್ಟೇ."

ಎಲ್ಲಿವೆ ಎಂದು ಕೇಳಿದಾಗ, ಮಾರುಕಟ್ಟೆಯ ಹಿಂದಿನ ಮೊಬೈಲ್ ರಿಪೇರಿ ಅಂಗಡಿಯವನಿಗೆ ಬುಧವಾರವೇ ಎರಡನ್ನೂ ಕೊಟ್ಟಿರುವುದಾಗಿ ಹೇಳಿದ. ತನಗೆ ಕಂಪ್ಯೂಟರಿನ ವಿಷಯ ತಿಳಿಯದು. ಆ ಅಂಗಡಿಯವನಿಗೂ ಡಿಸ್ಕು ತೆರೆಯಲು ಬರಲಿಲ್ಲವಂತೆ. ಏನೋ ಮಾಡಿದರೆ ತೆರೆಯುತ್ತದೆ ಎಂದು ಹೇಳಿದ್ದ, ಮಾಡಪ್ಪ ಎಂದು ತಾನೂ ಒಪ್ಪಿಕೊಂಡಿದ್ದೆ ಎಂದ.

"ಏನು ಮಾಡಿದ್ರೆ?"

"ಅದೇನೋ... ಫಾರ್ಮ್ಯಾಟ್ ಅಂತೆ."

ಇನ್ಸ್‌ಪೆಕ್ಟರಿಗೆ ಸಂಗೀತ ತಿಳಿಯದಿದ್ದರೂ ಈ ಪದ ತಿಳಿದಿತ್ತು. ಮಗನ ಫೋಟೋಗಳಿದ್ದ ಹಳೆಯ ಫೋನೊಂದು ಹೀಗೆಯೇ ಕೈಯಲ್ಲೇ ಖಾಲಿಯಾಗಿತ್ತು. ಫಾರ್ಮ್ಯಾಟ್ ಮಾಡಿದರೆ ಒಂದಲ್ಲ, ಎಲ್ಲ ಹಾಡೂ ಅಳಿಸಿಹೋಗುತ್ತದೆ ಎಂದು ಅವರು ಹೇಳಿದಾಗ ಟೈಲರನ ಮುಖದ ರಕ್ತ ಇಳಿದುಹೋಯಿತು. ಅಂಗಡಿಯ ಬಾಗಿಲನ್ನೂ ಎಳೆಯದೆ ಜೀಪಿನತ್ತ ಓಡಿದ. ಅವನಿಗೆ ಗೊತ್ತಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ರಿಪೇರಿ ಅಂಗಡಿಯವನು ಫೋನು ಎತ್ತಲಿಲ್ಲ. ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ಜೀಪು ಮುಂದೆ ಹೋಗದಾದಾಗ ಉದ್ದಣ್ಣ ಇಳಿದು ಓಡಿದ. ಇನ್ಸ್‌ಪೆಕ್ಟರ್ ಹಿಂದೆಯೇ ಓಡಿದರು, ಅವರ ಹಿಂದೆ ಟೈಲರ್. ಆರೋಪಿಯನ್ನು ಪೊಲೀಸರು ಅಟ್ಟಿಸಿಕೊಂಡು ಹೋಗುವುದನ್ನು ಕಂಡಿದ್ದ ಜನ ಪೊಲೀಸರ ಹಿಂದೆ ಆರೋಪಿ ಓಡುವುದನ್ನು ಅಂದೇ ಕಂಡದ್ದು.

ಅಂಗಡಿಯವನು ತಟ್ಟೆ ಮುಂದಿಟ್ಟುಕೊಂಡು ಊಟ ಮಾಡುತ್ತಿದ್ದ. ಪಕ್ಕದ ಕಂಪ್ಯೂಟರಿಗೆ ಕಪ್ಪು ಡಿಸ್ಕೊಂದು ಜೋಡಿಸಿತ್ತು. ಫಾರ್ಮ್ಯಾಟ್ ಮಾಡಬೇಕೇ ಎಂಬ ಪ್ರಶ್ನೆ ಪರದೆಯ ಮೇಲೆ ಮೂಡಿ ಉತ್ತರಕ್ಕೆ ಕಾಯುತ್ತಿತ್ತು.

"ಮಾಡಿದ್ಯಾ?" ಎಂದ ಉದ್ದಣ್ಣ, ಉಸಿರು ಹಿಡಿದು.

ಒಂದು ಆಗಿದೆ, ಖಾಲಿ ಇತ್ತು ಸಾರ್, ಏನೂ ಕಾಣಲಿಲ್ಲ ಎಂದ ಅವನು. ಎರಡನೆಯದನ್ನು ನಿನ್ನೆಯೇ ಮಾಡಬೇಕಿತ್ತು. ಇವತ್ತು ಮಾಡೋಣ ಅಂದುಕೊಂಡೆ, ಬೆಳಗ್ಗೆ ಬೇರೆ ಕೆಲಸ ಬಂತು. ಊಟವಾದ ಮೇಲೆ ಮಾಡೋಣ ಅಂತ. ಮಾಡಿಕೊಡದಿದ್ದುದಕ್ಕೆ ತನ್ನನ್ನು ಹಿಡಿಯಲು ಬಂದಿದ್ದಾರೆಂದೇ ಅವನು ತಿಳಿದಿದ್ದ. ನಾಳೆ ಬಾ ಎನ್ನುವುದೇ ಅವನ ಮನೆದೇವರು ಎಂದು ಆ ಬೀದಿಯವರು ಬಯ್ಯುತ್ತಿದ್ದರು. ಉದ್ದಣ್ಣ ಅವನ ಬೆನ್ನು ತಟ್ಟಿ, ಊಟ ಮಾಡಪ್ಪ, ನಿಧಾನವಾಗಿ ಮಾಡು ಎಂದ. ಇನ್ಸ್‌ಪೆಕ್ಟರ್ ತಾವೇ ಬಗ್ಗಿ ತಂತಿ ಕಳಚಿದರು.

ಮಧ್ಯಾಹ್ನ ಠಾಣೆಯಲ್ಲಿ ಒಂದು ಧರ್ಮಸಂಕಟ ಎದುರಾಯಿತು. ಡಿಸ್ಕು ಈಗ ಮುದ್ದೆಮಾಲು, ಕೇಸಿನ ಸಾಕ್ಷಿ. ಜಪ್ತಿ ಮಾಡಿ, ಮೊಹರು ಹಾಕಿ ನ್ಯಾಯಾಲಯಕ್ಕೆ ಕಳಿಸಬೇಕು. ಆದರೆ ಇಡೀ ಸಂಗ್ರಹಕ್ಕೆ ಉಳಿದಿರುವುದು ಈ ಒಂದೇ ಪ್ರತಿ. ದಾರಿಯಲ್ಲಿ ಬಿದ್ದರೆ, ಉಗ್ರಾಣದಲ್ಲಿ ತೇವ ಹಿಡಿದರೆ ಕತೆ ಮುಗಿದಂತೆ. ಇನ್ಸ್‌ಪೆಕ್ಟರ್ ಮೇಲಧಿಕಾರಿಯನ್ನು ಕೇಳಿ, ಪಂಚರ ಸಮಕ್ಷಮದಲ್ಲಿ ಮೊದಲು ಪ್ರತಿ ತೆಗೆಯಲು ಅನುಮತಿ ಪಡೆದರು. ಮೈಕ್ ಮಾಮ ತಮ್ಮ ಕಂಪ್ಯೂಟರನ್ನೇ ಹೊತ್ತು ತಂದರು. ಅದು ಸಾಮಾನ್ಯವಾಗಿ ಎಲ್ಲರ ಮನೆಯಲ್ಲಿರುವ ಬಗೆಯದಲ್ಲ, ಅದರಲ್ಲಿ ತುಂಬಿದ ಡಿಸ್ಕನ್ನು ಬೇರೆ ಕಂಪ್ಯೂಟರು ಓದಲಾರದು. ಅಂಗಡಿಯ ಕಂಪ್ಯೂಟರಿಗೆ ಖಾಲಿಯಾಗಿ ಕಂಡ ಡಿಸ್ಕು ಇದರಲ್ಲಿ ಥಟ್ಟನೆ ತೆರೆದುಕೊಂಡಿತು. ಹೆಸರುಗಳ ಸಾಲು ಮೇಲಿಂದ ಕೆಳಕ್ಕೆ ಇಳಿಯುತ್ತಲೇ ಹೋಯಿತು. ಮೈಕ್ ಮಾಮ ಎರಡೂ ಕೈಯಿಂದ ಮುಖ ಒರೆಸಿಕೊಂಡು, ಎಲ್ಲ ಇದೆಯಮ್ಮ ಎಂದರು. ಅವರ ಹೆಂಡತಿ, ಇನ್ನು ಮೂರನೆಯ ಪ್ರತಿಯನ್ನು ನನ್ನ ತವರಿನಲ್ಲಿಡುತ್ತೇನೆ, ಅಲ್ಲಿಂದ ಉಪ್ಪಿನಕಾಯಿ ಜಾಡಿ ಕೂಡ ಇಂದಿನ ತನಕ ಯಾರಿಗೂ ಸಿಕ್ಕಿಲ್ಲ ಎಂದರು.

ಮೂಲೆಯ ಬೆಂಚಿನ ಮೇಲೆ ಟೈಲರ್ ತಲೆ ಎತ್ತದೆ ಕೂತಿದ್ದ. ಯಾವ ಹಾಡು ಎಂದು ಇನ್ಸ್‌ಪೆಕ್ಟರ್ ಕೇಳಿದರು. ಅವನ ಬದಲು ಮೈಕ್ ಮಾಮ ಉತ್ತರ ಕೊಟ್ಟರು. ಅವರಿಗೆ ಅದು ಆಗತಾನೇ ಹೊಳೆದಿತ್ತು.

ಮೂವತ್ತು ವರ್ಷಗಳ ಹಿಂದೆ ಈ ಟೈಲರ್ ಸೊಗಸಾಗಿ ಹಾಡುತ್ತಿದ್ದ. ಸಭಾಂಗಣದಲ್ಲಿ ಅವನ ಮೊದಲ ಕಚೇರಿಯ ದಿನ ಮೇಲಿನ ಸ್ವರಕ್ಕೆ ಹೋಗುವಾಗ ಧ್ವನಿ ಒಡೆಯಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು, ಹಿಂದಿನವರು ಕೂಗಿದರು. ಅವನು ಎದ್ದು ಹಿಂಬಾಗಿಲಿಂದ ಹೊರಟುಹೋದ. ಆಮೇಲೆ ಸ್ನಾನದ ಮನೆಯಲ್ಲೂ ಹಾಡಲಿಲ್ಲ. ಅವನು ಹಾಡುತ್ತಿದ್ದನೆಂಬುದು ಅವನ ಹೆಂಡತಿ ಮಕ್ಕಳಿಗೂ ಗೊತ್ತಿಲ್ಲ. ಮುಂದಿನ ತಿಂಗಳು ದುರಸ್ತಿಯಾದ ಸಭಾಂಗಣ ತೆರೆಯುವಾಗ ಈ ಸಂಗ್ರಹದಿಂದ ಆಯ್ದದ್ದನ್ನು ಜನರಿಗೆ ಕೇಳಿಸುವುದೆಂದು ತೀರ್ಮಾನವಾಗಿತ್ತು. ಒಂದು ಸಂಜೆ ಟೇಪು ಬಿಡಿಸುತ್ತ ಕೂತಿದ್ದವನಿಗೆ ಮೈಕ್ ಮಾಮ, ನಿನ್ನದೂ ಇದೆ ಕಣಯ್ಯ ಅದರಲ್ಲಿ ಎಂದಿದ್ದರು. ಸಂತೋಷಪಡುತ್ತಾನೆ ಎಂದುಕೊಂಡು ಹೇಳಿದ ಮಾತು ಅದು.

"ಬೇಡ ಅಂತ ಹೇಳಬಹುದಿತ್ತಲ್ಲ?" ಎಂದರು ಇನ್ಸ್‌ಪೆಕ್ಟರ್.

"ಹೇಳ್ಬೇಕಂದ್ರೆ ಆ ಮಾತು ಎತ್ತಬೇಕಲ್ಲ ಮೇಡಂ," ಎಂದ ಟೈಲರ್. "ಅದೇ ಆಗ್ಲಿಲ್ಲ."

ಮುದ್ದೆಮಾಲನ್ನು ಗುರುತಿಸುವ ಸಲುವಾಗಿ ಒಂದು ಫೈಲನ್ನು ಪಂಚರ ಎದುರು ಕೇಳಿಸಬೇಕಿತ್ತು. ಯಾವುದಾದರೂ ಆಗುತ್ತಿತ್ತು. ಇನ್ಸ್‌ಪೆಕ್ಟರ್ ಟೈಲರನ ಮುಖ ನೋಡಿದರು. ಅವನು ಹಾಕಿ ಎಂಬಂತೆ ತಲೆಯಾಡಿಸಿದ.

ಎಳೆಯ, ತಿಳಿಯಾದ ಧ್ವನಿಯೊಂದು ಠಾಣೆಯ ಗೋಡೆಗಳ ನಡುವೆ ಎದ್ದಿತು. ಮೇಲೇರಿತು. ಒಡೆಯಿತು. ನಗು, ಕೂಗು, ಕುರ್ಚಿ ಸರಿದ ಸದ್ದು. ಟೈಲರ್ ಕಣ್ಣು ಮುಚ್ಚಿದ. ಮೈಕ್ ಮಾಮ ನಿಲ್ಲಿಸಲಿಲ್ಲ. ಗದ್ದಲದ ನಡುವೆ ಪಿಟೀಲಿನವರ ದನಿ ಕೇಳಿಸಿತು. ಒಡೆದಿದ್ದು ಗಂಟಲು, ಹಾಡಲ್ಲ, ನಗೋರು ಎದ್ದು ಹೋಗಬಹುದು ಎಂದು ಅವರು ಮೈಕಿನಲ್ಲೇ ಹೇಳಿದ್ದರು. ಸಭೆ ಗಪ್‌ಚಿಪ್. ಆಮೇಲೆ ಹಿಂದಿನಿಂದ ಹೆಂಗಸೊಬ್ಬರು, ಅವರನ್ನ ಕರೀರಿ, ಅಲ್ಲಿಂದಲೇ ಮತ್ತೆ ಹಾಡಲಿ ಎಂದರು. ಒಬ್ಬರು ಚಪ್ಪಾಳೆ ಹೊಡೆದರು, ಇಬ್ಬರು, ಕೊನೆಗೆ ಇಡೀ ಸಭಾಂಗಣ. ಅದು ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು. ಕಟ್ಟಕಡೆಗೆ ಯಾರೋ ಬಂದು, ಹೊರಟುಹೋದರಂತೆ ಎಂದರು. ಸಭೆಯ ತುಂಬ ಒಂದು "ಛೆ" ಹರಡಿತು.

"ಇದು ನಾನು ಹೋದ ಮೇಲಾ?" ಎಂದ ಟೈಲರ್, ಕಣ್ಣು ತೆರೆದು.

"ನಿನಗೆ ಗೊತ್ತಿದೆ ಅಂದುಕೊಂಡಿದ್ದೆ ಕಣೋ," ಎಂದರು ಮೈಕ್ ಮಾಮ. "ಇದನ್ನೇ ಅಲ್ಲಿ ಕೇಳಿಸಬೇಕು ಅಂತಿದ್ದದ್ದು."

ಸಂಜೆ ಐದಕ್ಕೆ ದಸ್ತಗಿರಿಯ ಕಾಗದಕ್ಕೆ ಟೈಲರ್ ಸಹಿ ಹಾಕಿದ. ಕಳವು ಕಳವೇ, ಮುಂದಿನದು ನ್ಯಾಯಾಲಯಕ್ಕೆ ಬಿಟ್ಟದ್ದು. ರಾಜಿಗೆ ಅರ್ಜಿ ಹಾಕುವುದಾಗಿ ಮೈಕ್ ಮಾಮ ಆಗಲೇ ಹೇಳುತ್ತಿದ್ದರು. ಜಾಮೀನಿಗೆ ಯಾರು ನಿಲ್ಲುತ್ತಾರೆಂದು ಕೇಳಿದಾಗ ಅವರೇ ಮುಂದೆ ಬಂದರು. ಫಿರ್ಯಾದಿಯೇ ಆರೋಪಿಗೆ ಜಾಮೀನು ನಿಂತದ್ದನ್ನು ತಾನು ಎಲ್ಲೂ ಕಂಡಿಲ್ಲ ಎಂದು ಉದ್ದಣ್ಣ ತಲೆ ಕೆರೆದುಕೊಂಡ. ಹಾಗಾದರೆ ನಾನು ನಿಲ್ಲುತ್ತೇನೆ ಎಂದು ಅವರ ಹೆಂಡತಿ ಪೆನ್ನು ಕಸಿದುಕೊಂಡರು.

ದುರಾಸೆ, ಹಗೆ, ಕುಡಿತ, ಇವುಗಳಿಂದ ನಡೆದ ಕಳವುಗಳನ್ನು ಇನ್ಸ್‌ಪೆಕ್ಟರ್ ಬೇಕಾದಷ್ಟು ಕಂಡಿದ್ದರು. ಅರ್ಧ ಕೇಳಿಸಿಕೊಂಡ ಅವಮಾನವೊಂದನ್ನು ಮೂವತ್ತು ವರ್ಷ ಎದೆಯಲ್ಲಿಟ್ಟುಕೊಂಡು, ಅದನ್ನು ಅಳಿಸಲು ಕೈಹಾಕಿದವನನ್ನು ಕಂಡದ್ದು ಇದೇ ಮೊದಲು. ಕಡತ ಕಟ್ಟಿ, ಮನೆಗೆ ಹೊರಡಲೆಂದು ಎದ್ದರು.

ಬಾಗಿಲ ಬಳಿ ಟೈಲರ್ ನಿಂತಿದ್ದ. ನಾನು ಎದ್ದುಹೋದೆನಲ್ಲ, ಅಲ್ಲಿಂದ ಮುಂದಿನದನ್ನು ಇನ್ನೊಂದು ಸಲ ಹಾಕುತ್ತೀರಾ ಎಂದು ಕೇಳಿದ. ಇನ್ಸ್‌ಪೆಕ್ಟರ್ ಮತ್ತೆ ಕೂತರು.