ದಾವಲಸಾಬರ ಕೊರಳಪಟ್ಟಿ

"ಮೈಸೆಲ್ಫ್ ದಾವಲಸಾಬ" ಎನ್ನಲು ಗೈಡ್ ದಾವಲಸಾಬರು ಬಾಯಿ ತೆರೆದರು. ಹೊರಗೆ ಕೇಳಿಸಿದ್ದು "ಗುಡ್ ಮಾರ್ನಿಂಗ್, ಮೈ ನೇಮ್ ಈಸ್ ದಾವಲಸಾಬ" ಎಂಬ ತೊಳೆದಿಟ್ಟಂಥ ಇಂಗ್ಲಿಷು. ದನಿ ಮಾತ್ರ ಅವರದೇ.

೨೦೬೧ರಲ್ಲಿ ಗೋಳಗುಮ್ಮಟದ ಗೈಡುಗಳ ಕೊರಳಿಗೆಲ್ಲ 'ನುಡಿತಿದ್ದುಕ' ಬಂದಿತ್ತು. ಗಂಟಲಿನ ಕಂಪನ ಹಿಡಿದು, ತಪ್ಪು ಇಂಗ್ಲಿಷು ತುಟಿ ದಾಟುವ ಮೊದಲೇ ಅಳಿಸಿ, ಸರಿಯಾದದ್ದನ್ನು ನುಡಿಸುವ ಬೆರಳಗಲದ ಪಟ್ಟಿ ಅದು. ಮೂರು ತಿಂಗಳ ಪರೀಕ್ಷೆ. ಆಮೇಲೆ ಪಟ್ಟಿ ಕಟ್ಟದವರಿಗೆ ಪರವಾನಗಿಯಿಲ್ಲ.

ಪರೀಕ್ಷೆಯ ಕೊನೆಯ ದಿನ, ಪಟ್ಟಿಯನ್ನು ಕಂಡುಹಿಡಿದ ಡಾ. ಶಕುಂತಲಾ ಹಂಚಿನಾಳರೇ ಬಂದರು. "ಸಾಬ್ರ, ನಿಮ್ಮ ತಪ್ಪು ಈಗ ಸೊನ್ನೆ!"

"ತಪ್ಪು ಹೋದ್ವು ಮೇಡಂ. ಅವುಗಳ ಹಿಂದ ಮಂದಿನೂ ಹೋದ್ರು."

"ಅಂದ್ರ?"

"ಮೊದಲ ತಾಸುಗಟ್ಟಲೆ ಹರಟಿ ಹೊಡೀತಿದ್ರು. ಈಗ ಕೇಳ್ತಾರ, ತಲಿ ಆಡಿಸ್ತಾರ, ಹೋಗ್ತಾರ. ಗ್ವಾಡಿಗೆ ಪಾಠ ಹೇಳಿದಂಗ ಆಗೇದ್ರಿ."

ಅಷ್ಟರಲ್ಲಿ ವಿಯೆಟ್ನಾಮಿನ ಅಜ್ಜಿಯೊಬ್ಬಳು ಬಂದು ಹರಕುಮುರುಕು ಇಂಗ್ಲಿಷಿನಲ್ಲಿ ಏನೋ ಕೇಳತೊಡಗಿದಳು. ಸಾಬರು ಉತ್ತರಿಸಿದ ತೊಳೆದಿಟ್ಟ ಇಂಗ್ಲಿಷು ಕಿವಿಗೆ ಬಿದ್ದದ್ದೇ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು.

"ನೋಡಿದ್ರ್ಯಾ? ಆಕಿ ಇಂಗ್ಲಿಷೂ ನನ್ನಂಥಾದ್ದ. ನಾಚ್ಕೊಂಡಾಳ." ಸಾಬರು ಪಟ್ಟಿ ಬಿಚ್ಚಿಯೇಬಿಟ್ಟರು.

"ಸಾಬ್ರ, ಪರವಾನಗಿ ಹೋಗ್ತದ!"

"ಹೋಗವಲ್ದ್ಯಾಕ." ಅಜ್ಜಿಯತ್ತ ತಿರುಗಿದರು. "ಮದರ್, ವೈ ಯು ಆರ್ ಸ್ಟ್ಯಾಂಡಿಂಗ್? ಕಮ್, ಅಪ್ ವಿ ಗೋ."

ಅಜ್ಜಿಯ ಮುಖ ಅರಳಿತು. "ಐ ವಾಂಟ್ ಅಪ್! ಬಟ್ ಮೈ ನೀ ಈಸ್ ನೋ!"

"ಮೈ ನೀ ಆಲ್ಸೋ ನೋ!"

ಇಬ್ಬರೂ ಮೊಣಕಾಲು ತಟ್ಟಿಕೊಂಡು ನಕ್ಕರು. ಹತ್ತು ಮೆಟ್ಟಿಲಿಗೊಮ್ಮೆ ಕೂತು, ಸೊಸೆಯಂದಿರ ಸುದ್ದಿಯಿಂದ ಹುಣಸೆ ಹಾಕಿದ ಮೀನುಸಾರಿನವರೆಗೆ ಮಾತಾಡುತ್ತ ಏರಿದರು. ಹಿಂದಿನಿಂದ ಹಂಚಿನಾಳರು. ಅಜ್ಜಿ ತಿರುಗಿ ಕೇಳಿದಳು: "ಯು? ವಾಟ್ ವರ್ಕ್?"

ಕಾಲೇಜಿನಲ್ಲಿ ತಮ್ಮ ಇಂಗ್ಲಿಷಿಗೆ ಇಡೀ ತರಗತಿ ನಕ್ಕ ದಿನವೇ ಹಂಚಿನಾಳರ ತಲೆಯಲ್ಲಿ ಈ ಯಂತ್ರ ಹುಟ್ಟಿದ್ದು. ಪಟ್ಟಿಯಿಲ್ಲದೆ ಅವರು ಇಂಗ್ಲಿಷಾಡಿ ಆರು ವರ್ಷವಾಗಿತ್ತು. ತಮ್ಮ ಕೊರಳ ಪಟ್ಟಿಯನ್ನೂ ಬಿಚ್ಚಿದರು. "ಐ... ಆ್ಯಮ್ ಡೂ ದಿಸ್ ಮಷೀನ್."

"ನೋ, ನೋ," ಅಜ್ಜಿ ಮಾಸ್ತರಂತೆ ಬೆರಳಾಡಿಸಿದಳು. "ಐ ಮೇಕಿಂಗ್!"

"ಯೆಸ್ ಮೇಡಂ!" ವಿಜ್ಞಾನಿ ಮೆಟ್ಟಿಲ ಮೇಲೆಯೇ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆ ಸಂಜೆಯೇ, ಪಟ್ಟಿ ಬೇಕಾದವರಿಗಷ್ಟೇ ಇರಲಿ, ಯಾರಿಗೂ ಕಡ್ಡಾಯ ಬೇಡ ಎಂದು ವರದಿ ಬರೆದರು. ಇಂಗ್ಲಿಷಿನಲ್ಲಿ, ಯಂತ್ರದ ನೆರವಿಲ್ಲದೆ. ಪರವಾನಗಿ ಕಚೇರಿಯ ದೊಡ್ಡ ಸಾಹೇಬರು ಹನ್ನೊಂದು ಕಡೆ ಕೆಂಪು ಗೆರೆ ಎಳೆದು, "ಚೆನ್ನಾಗಿ ಅರ್ಥವಾಯಿತು" ಎಂದು ಬರೆದು ಸಹಿ ಹಾಕಿದರು.